ಮೈಸೂರಿನ ಮನೆಯಲ್ಲಿ ಕಡಲ ಮೀನು: ಮೊದಲ ದೊಡ್ಡ ಉಪ್ಪುನೀರಿನ ಅಕ್ವೇರಿಯಂ ಕಟ್ಟುವ ಬಗೆ

ಗಪ್ಪಿ, ಮೋಲಿ, ಏಂಜೆಲ್ ಸಾಕಿ ಕೈ ಪಳಗಿದವರ ಕಣ್ಣು ಒಂದಲ್ಲ ಒಂದು ದಿನ ಕಡಲ ಮೀನಿನ ಮೇಲೆ ಬೀಳುತ್ತದೆ. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಮೀನು ಈಗ ಸಮುದ್ರದಿಂದ ದೂರದ ಊರುಗಳ ಅಂಗಡಿಗಳಿಗೂ ಬರುತ್ತದೆ. ತಂದ ಹದಿನೈದು ದಿನದಲ್ಲಿ ಅದು ಸತ್ತರೆ ಕಾರಣ ಬಹುಮಟ್ಟಿಗೆ ನೀರಿನಲ್ಲೇ ಇರುತ್ತದೆ. ಹವಳದ ದಿಬ್ಬಗಳ ಸುತ್ತ ನೀರಿನ ಉಪ್ಪು, ಬಿಸಿ, ಕ್ಷಾರ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತವೆ. ಅಲ್ಲಿನ ಮೀನಿನ ದೇಹಕ್ಕೆ ದೊಡ್ಡ ಏರಿಳಿತ ತಾಳಿ ಅಭ್ಯಾಸವಿಲ್ಲ. ಮಂಗಳೂರಿನ ಕಡಲಿನಿಂದ ಸುಮಾರು 250 ಕಿ.ಮೀ. ದೂರದ ಮೈಸೂರಿನಲ್ಲಿ, ಬೋರ್‌ವೆಲ್ ನೀರಿನ ಮಂಡ್ಯದಲ್ಲಿ, ಆ ಹದವನ್ನು ನಾವೇ ಕಟ್ಟಿ ನಾವೇ ಕಾಯಬೇಕು. ಮೀನಿನ ಮಾತು ಈ ಲೇಖನದ ಕೊನೆಯ ಭಾಗದಲ್ಲಿದೆ. ತೊಟ್ಟಿಗೂ ಮೀನು ಕೊನೆಗೇ ಬರಬೇಕು.

ದೊಡ್ಡ ತೊಟ್ಟಿಯೇ ಯಾಕೆ

ಮೊದಲ ಸಲಕ್ಕೆ ಚಿಕ್ಕದು ಸಾಕು ಅನ್ನಿಸುವುದು ಸಹಜ. ಆದರೆ ನೀರು ಕಡಿಮೆಯಿದ್ದಷ್ಟೂ ಬದಲಾವಣೆ ಬೇಗ. 50 ಲೀಟರಿನ ತೊಟ್ಟಿಯಲ್ಲಿ 3 ಲೀಟರ್ ಆವಿಯಾದರೆ ಉಪ್ಪಿನಂಶ ಸಾವಿರಕ್ಕೆ 35 ಭಾಗದಿಂದ 37 ದಾಟುತ್ತದೆ. 450 ಲೀಟರಿನಲ್ಲಿ ಅಷ್ಟೇ ಆವಿಯಾದರೆ ಅಳತೆಗೆ ಸಿಗುವುದೂ ಕಷ್ಟ. ಸತ್ತ ಒಂದು ಮೀನು, ಹೆಚ್ಚಾದ ಒಂದು ಚಿಟಿಕೆ ಆಹಾರ, ಕೆಟ್ಟ ಹೀಟರ್ ಎಲ್ಲಕ್ಕೂ ಇದೇ ಲೆಕ್ಕ.

ಹಾಗಾಗಿ ಇಲ್ಲಿ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯನ್ನು ಮಾದರಿಯಾಗಿ ಹಿಡಿಯೋಣ. ಅಂಚಿನವರೆಗೆ ತುಂಬಿದರೆ 453 ಲೀಟರ್. ಮೇಲೆ ಬಿಡುವ ಜಾಗ, ಕಲ್ಲು, ಮರಳು ಕಳೆದು, ಸ್ಟ್ಯಾಂಡಿನೊಳಗೆ ಇಡುವ ಇನ್ನೊಂದು ತೊಟ್ಟಿಯಾದ ಸಂಪ್‌ನ ನೀರು ಕೂಡಿಸಿದರೆ ವ್ಯವಸ್ಥೆಯಲ್ಲಿ ಓಡಾಡುವ ನೀರು ಹತ್ತಿರ ಹತ್ತಿರ 450 ಲೀಟರ್. ಈ ಎತ್ತರಕ್ಕೆ 12 ಮಿ.ಮೀ. ದಪ್ಪದ ಗಾಜು ಬೇಕು, ಮೇಲಂಚಿಗೆ ಸುತ್ತಲೂ ಗಾಜಿನ ಪಟ್ಟಿ ಅಂಟಿಸಿ ಬಿಗಿ ಮಾಡಿಸಬೇಕು. ಸಿಲಿಕೋನ್ ಅಂಟು ಒಣಗಲು ವಾರ ಬಿಡಿ. ವಿನೆಗರ್ ವಾಸನೆ ಪೂರ್ತಿ ಹೋದ ಮೇಲೆ ನಲ್ಲಿ ನೀರು ತುಂಬಿ ಎರಡು ದಿನ ನಿಲ್ಲಿಸಿ ಸೋರಿಕೆ ನೋಡಿ. ನೀರಿನ ಹೊರಹರಿವಿಗೆ ಬೇಕಾದ ತೂತುಗಳನ್ನು ತೊಟ್ಟಿ ಕಟ್ಟುವಾಗಲೇ ಕೊರೆಸಬೇಕು. ಟಫನ್ ಮಾಡಿದ ಗಾಜನ್ನು ಆಮೇಲೆ ಕೊರೆಯಲು ಹೋದರೆ ಇಡೀ ಗಾಜು ಪುಡಿಯಾಗುತ್ತದೆ.

ನೆಲ ತಡೆಯುತ್ತದೆಯೇ

ನೀರು, ಗಾಜು, ಕಲ್ಲು, ಮರಳು, ಸ್ಟ್ಯಾಂಡ್, ಸಂಪ್ ಎಲ್ಲ ಸೇರಿ ತೂಕ 700 ಕೆ.ಜಿ. ಮುಟ್ಟುತ್ತದೆ, ಅದೂ 8 ಚದರ ಅಡಿಯೊಳಗೆ. ವಾಸದ ಕೋಣೆಯ ನೆಲಕ್ಕೆ ಎಂಜಿನಿಯರುಗಳು ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕೆ.ಜಿ. ನಮ್ಮ ತೊಟ್ಟಿ ತನ್ನ ಕೆಳಗಿನ ನೆಲಕ್ಕೆ ಹೇರುವುದು ಚದರ ಮೀಟರಿಗೆ 900ಕ್ಕೂ ಮೇಲೆ. ಭಾರ ಸುತ್ತಲ ಸ್ಲ್ಯಾಬಿಗೆ ಹಂಚಿಹೋಗುವುದರಿಂದ ಆರ್‌ಸಿಸಿ ಮನೆ ತಕ್ಷಣ ಕುಸಿಯುತ್ತದೆಂದು ಅರ್ಥವಲ್ಲ, ಆದರೆ ಅಂದಾಜಿನ ಮೇಲೆ ಇಡುವ ತೂಕವೂ ಇದಲ್ಲ. ನೆಲಮಹಡಿಯಾದರೆ ನಿಶ್ಚಿಂತೆ. ಮೇಲ್ಮಹಡಿಯಾದರೆ ಗೋಡೆಗೆ ಒತ್ತಿ, ತೊಲೆಯ ಮೇಲೆ ಅಥವಾ ತೊಲೆಗೆ ಅಡ್ಡಲಾಗಿ ಬರುವಂತೆ ಇಡಬೇಕು, ಮೊದಲು ಸ್ಟ್ರಕ್ಚರಲ್ ಎಂಜಿನಿಯರನ್ನು ಕೇಳಬೇಕು. ಹಳೇ ಮೈಸೂರಿನ ಮದ್ರಾಸು ತಾರಸಿ ಮನೆಗಳ ಮಹಡಿಯಲ್ಲಿ, ಮರದ ತೊಲೆಗಳ ಮೇಲೆ, ಈ ಗಾತ್ರದ ತೊಟ್ಟಿ ಬೇಡವೇ ಬೇಡ.

ಕಬ್ಬಿಣದ ಸ್ಟ್ಯಾಂಡಿಗೆ ಉಪ್ಪು ಬೇಗ ತುಕ್ಕು ಹಿಡಿಸುತ್ತದೆ, ಎಪಾಕ್ಸಿ ಬಣ್ಣ ಎರಡು ಕೈ ಹೊಡೆಸಿ. ಸಿಮೆಂಟ್ ಇಟ್ಟಿಗೆಯ ಕಂಬ ಕಟ್ಟಿ ಮೇಲೆ ದಪ್ಪ ಕಲ್ಲಿನ ಚಪ್ಪಡಿ ಕೂರಿಸುವುದು ಇನ್ನೂ ಗಟ್ಟಿ. ರಸಮಟ್ಟ ಇಟ್ಟು ನಾಲ್ಕೂ ಮೂಲೆ ನೋಡಿ, ಗಾಜಿನ ತಳಕ್ಕೆ ಥರ್ಮಾಕೋಲ್ ಹಾಸಿ. ಕಿಟಕಿಯ ಬಿಸಿಲು ನೇರ ಬೀಳುವ ಜಾಗ ಬೇಡ: ನೀರೂ ಕಾಯುತ್ತದೆ, ಪಾಚಿಯೂ ಬೆಳೆಯುತ್ತದೆ.

ಕಣ್ಣಿಗೆ ಕಾಣದ ಕೆಳಗಿನ ತೊಟ್ಟಿ

ಸಂಪ್ ಎಂದರೆ ಇಲ್ಲಿ ಸ್ಟ್ಯಾಂಡಿನೊಳಗೆ ಇಡುವ, 100ರಿಂದ 120 ಲೀಟರ್ ಹಿಡಿಯುವ ಇನ್ನೊಂದು ಗಾಜಿನ ತೊಟ್ಟಿ. ಮೇಲಿನ ತೊಟ್ಟಿಯಿಂದ ನೀರು ಪೈಪಿನಲ್ಲಿ ಇಳಿದು, ಶುದ್ಧವಾಗಿ, ಪಂಪಿನಿಂದ ಮತ್ತೆ ಮೇಲೇರುತ್ತದೆ. ಗಂಟೆಗೆ 2,000 ಲೀಟರ್ ಆಸುಪಾಸು ಮೇಲೆ ಬಂದರೆ ಸಾಕು. ಪಂಪಿನ ಡಬ್ಬಿಯ ಮೇಲೆ ಬರೆದ ಅಂಕಿ ಎತ್ತರಕ್ಕೆ ಏರುವಾಗ ಇಳಿಯುವುದರಿಂದ 3,000 ಲೀಟರಿನ ಪಂಪ್ ತೆಗೆದುಕೊಳ್ಳಿ. ತೊಟ್ಟಿಯೊಳಗೆ ಅಲೆ ಎಬ್ಬಿಸಲು ಎರಡು ವೇವ್ ಮೇಕರ್ ಬೇರೆ ಬೇಕು.

ಮೊದಲ ಸಲ ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲೇ. ಕರೆಂಟ್ ಹೋದಾಗ ಪಂಪ್ ನಿಂತು, ನೀರು ಏರುವ ಪೈಪಿನಲ್ಲೇ ಹಿಂದಕ್ಕೆ ಇಳಿಯುತ್ತದೆ. ಪೈಪಿನ ಬಾಯಿ ನೀರಿನ ಮಟ್ಟದಿಂದ ಎಷ್ಟು ಕೆಳಗಿದೆಯೋ ಅಲ್ಲಿಯವರೆಗೂ ಸೈಫನ್ ಎಳೆಯುತ್ತದೆ. ನಮ್ಮ ತೊಟ್ಟಿಯಲ್ಲಿ 1 ಸೆಂ.ಮೀ. ಮಟ್ಟ ಎಂದರೆ ಸುಮಾರು ಏಳೂವರೆ ಲೀಟರ್. ಬಾಯಿ 10 ಸೆಂ.ಮೀ. ಕೆಳಗಿದ್ದರೆ 75 ಲೀಟರ್ ಸಂಪ್‌ಗೆ ಇಳಿದು, ಉಕ್ಕಿ, ಹಾಲ್ ತುಂಬ ಉಪ್ಪುನೀರು. ಆದ್ದರಿಂದ ಪೈಪಿನ ಬಾಯನ್ನು ಮಟ್ಟದಿಂದ 2 ಸೆಂ.ಮೀ. ಒಳಗೇ ನಿಲ್ಲಿಸಿ, ಸಂಪ್‌ನಲ್ಲಿ ಮೂರನೇ ಒಂದು ಭಾಗ ಖಾಲಿ ಬಿಡಿ. ಮೀನು ತರುವ ಮೊದಲೇ ಪಂಪಿನ ಸ್ವಿಚ್ ಆರಿಸಿ, ನೀರು ಎಲ್ಲಿಗೆ ನಿಲ್ಲುತ್ತದೆಂದು ನೋಡಿ ಗಾಜಿನ ಮೇಲೆ ಗೆರೆ ಎಳೆಯಿರಿ.

ಸಂಪ್‌ನ ಮುಖ್ಯ ಉಪಕರಣ ಪ್ರೋಟೀನ್ ಸ್ಕಿಮ್ಮರ್. ಇದು ನೀರಿಗೆ ಬಲು ಸಣ್ಣ ಗಾಳಿಗುಳ್ಳೆ ಬೆರೆಸುತ್ತದೆ. ಮೀನಿನ ಹೇಲು, ಲೋಳೆ, ಉಳಿದ ಆಹಾರದ ಜಿಡ್ಡು ಗುಳ್ಳೆಗೆ ಅಂಟಿಕೊಂಡು ನೊರೆಯಾಗಿ ಮೇಲಿನ ಬಟ್ಟಲಿಗೆ ಬರುತ್ತದೆ. ಮಂಡ್ಯದ ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ನೊರೆಯ ಜೊತೆ ಎದ್ದ ಕೊಳೆಯನ್ನು ಕೊಪ್ಪರಿಗೆಯಿಂದ ತೆಗೆದು ಹಾಕುವುದನ್ನು ಕಂಡವರಿಗೆ ಈ ಯಂತ್ರದ ಕೆಲಸ ಹೇಳಿಕೊಡಬೇಕಿಲ್ಲ. ಒಂದೇ ವ್ಯತ್ಯಾಸ, ಇಲ್ಲಿ ಬೆಂಕಿಯ ಬದಲು ಗಾಳಿ. ಸಿಹಿನೀರಿನಲ್ಲಿ ಗುಳ್ಳೆಗಳು ಬೇಗ ಕೂಡಿ ದೊಡ್ಡವಾಗುವುದರಿಂದ ಅಲ್ಲಿ ಇದು ಕೆಲಸಕ್ಕೆ ಬಾರದು. ಹೊಸ ಸ್ಕಿಮ್ಮರ್ ಮೊದಲ ವಾರ ನೊರೆ ಕಟ್ಟದಿದ್ದರೆ ಗಾಬರಿ ಬೇಡ, ಒಳಗೋಡೆಯ ಜಿಡ್ಡು ಹೋಗಬೇಕು.

ಸ್ಕಿಮ್ಮರ್ ಎಳೆಯುವುದು ಕೋಣೆಯ ಗಾಳಿಯನ್ನೇ. ಸೊಳ್ಳೆಬತ್ತಿ, ಜಿರಳೆಗೆ ಹೊಡೆಯುವ ಸ್ಪ್ರೇ, ಹೊಸ ಬಣ್ಣದ ಆವಿ ಎಲ್ಲ ಆ ದಾರಿಯಲ್ಲಿ ನೀರಿಗೆ ಸೇರುತ್ತವೆ. ಸೊಳ್ಳೆ, ಜಿರಳೆಯ ಔಷಧಿಗಳಲ್ಲಿರುವ ಪೈರಿತ್ರಾಯ್ಡ್ ಎಂಬ ವಿಷ ಸಿಗಡಿ, ಏಡಿ, ಮೀನುಗಳಿಗೆ ಬಹಳ ಸಣ್ಣ ಪ್ರಮಾಣದಲ್ಲೂ ಮಾರಕ. ತೊಟ್ಟಿಯಿರುವ ಕೋಣೆಗೆ ಸೊಳ್ಳೆ ಪರದೆಯೇ ಗತಿ.

ಯಾವ ನೀರು

ಕಾವೇರಿ ನೀರು ಕುಡಿಯಲು ಚೆನ್ನ, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ, ಕರಗಿದ ಲವಣಗಳಿರುತ್ತವೆ. ಮಂಡ್ಯ ಕಡೆಯ ಬೋರ್‌ವೆಲ್ ನೀರಿನಲ್ಲಿ ಗಡಸುತನ ಹೆಚ್ಚು, ಗದ್ದೆಬಯಲಿನ ಹತ್ತಿರ ನೈಟ್ರೇಟೂ ಇರಬಹುದು. ಈ ನೀರಿಗೆ ಉಪ್ಪು ಬೆರೆಸಿದರೆ ಬೇಡದ್ದೆಲ್ಲ ತೊಟ್ಟಿಯಲ್ಲೇ ಉಳಿದು ಪಾಚಿಗೆ ಗೊಬ್ಬರವಾಗುತ್ತದೆ. ಬೇಕಾದ್ದು ಟಿಡಿಎಸ್ (ಕರಗಿದ ಲವಣಗಳ ಒಟ್ಟು ಅಳತೆ) ಸೊನ್ನೆಯಿರುವ ನೀರು.

ಅಡುಗೆಮನೆಯ ಆರ್‌ಒ ಇದಕ್ಕೆ ಒದಗದು. ರುಚಿಗೆಂದು ಅದು ಸ್ವಲ್ಪ ಮೂಲ ನೀರನ್ನೋ ಖನಿಜವನ್ನೋ ಮತ್ತೆ ಬೆರೆಸುತ್ತದೆ. ಕೆಸರು ಸೋಸುವ ಫಿಲ್ಟರ್, ಕ್ಲೋರಿನ್ ಹೀರುವ ಕಾರ್ಬನ್, ಆರ್‌ಒ ಪೊರೆ, ಕೊನೆಗೆ ಉಳಿದ ಲವಣಗಳನ್ನೂ ಹಿಡಿಯುವ ಡಿಐ ರೆಸಿನ್, ಈ ಕ್ರಮದ ಬೇರೆಯೇ ಜೋಡಣೆ ಬೇಕು. ಕಾರ್ಬನ್ ಪೊರೆಗಿಂತ ಮೊದಲೇ ಇರಬೇಕು, ಯಾಕೆಂದರೆ ಕ್ಲೋರಿನ್ ಪೊರೆಯನ್ನು ಹಾಳುಮಾಡುತ್ತದೆ. ಪೊರೆ ಸರಿಯಾಗಿ ಕೆಲಸ ಮಾಡಲು 50 ಪಿಎಸ್‌ಐ ಆಸುಪಾಸಿನ ಒತ್ತಡ ಬೇಕು. ತಾರಸಿಯ ಟ್ಯಾಂಕಿನಿಂದ 20 ಅಡಿ ಇಳಿದ ನೀರಿಗೆ ಸಿಗುವುದು 9 ಪಿಎಸ್‌ಐ ಮಾತ್ರ, ಹಾಗಾಗಿ ಬೂಸ್ಟರ್ ಪಂಪ್ ಬೇಕೇ ಬೇಕು. 1 ಲೀಟರ್ ಶುದ್ಧ ನೀರಿಗೆ ಸುಮಾರು 3 ಲೀಟರ್ ಹೊರಹೋಗುತ್ತದೆ. ಅದನ್ನು ಡ್ರಮ್ಮಿಗೆ ಹಿಡಿದರೆ ನೆಲ ಒರೆಸಲು, ಶೌಚಾಲಯಕ್ಕೆ ಆಗುತ್ತದೆ. ಟಿಡಿಎಸ್ ಮೀಟರ್ ಸೊನ್ನೆಯಿಂದ 2ಕ್ಕೆ, 3ಕ್ಕೆ ಏರತೊಡಗಿದರೆ ರೆಸಿನ್ ಮುಗಿದಿದೆ, ಬದಲಿಸಿ. ಹಿತ್ತಾಳೆಯ ನಲ್ಲಿ, ತಾಮ್ರದ ಕೊಡ ಈ ನೀರಿನ ಹತ್ತಿರಕ್ಕೂ ಬರಬಾರದು. ಕರಗಿದ ತಾಮ್ರ ಬಸವನಹುಳು, ಸಿಗಡಿಗಳನ್ನು ಕೊಲ್ಲುತ್ತದೆ.

ಉಪ್ಪು ಬೆರೆಸುವುದು

ಅಡುಗೆಯ ಉಪ್ಪು, ಕಲ್ಲುಪ್ಪು ಹೆಚ್ಚುಕಡಿಮೆ ಪೂರ್ತಿ ಸೋಡಿಯಂ ಕ್ಲೋರೈಡ್. ಸಮುದ್ರದ ನೀರಿನ ಪ್ರತಿ ಲೀಟರಿನಲ್ಲಿ ಅದರ ಜೊತೆಗೆ ಸುಮಾರು 1,300 ಮಿ.ಗ್ರಾಂ ಮೆಗ್ನೀಸಿಯಂ, 400 ಮಿ.ಗ್ರಾಂ ಮೇಲ್ಪಟ್ಟು ಕ್ಯಾಲ್ಸಿಯಂ, ಹತ್ತಿರ ಅಷ್ಟೇ ಪೊಟ್ಯಾಸಿಯಂ, ಕ್ಷಾರ ಕಾಯುವ ಬೈಕಾರ್ಬನೇಟ್ ಇವೆ. ಅಕ್ವೇರಿಯಂಗೆಂದೇ ಮಾಡಿದ ಮರೀನ್ ಸಾಲ್ಟ್‌ನಲ್ಲಿ ಇವೆಲ್ಲ ಅಳತೆಯಲ್ಲಿರುತ್ತವೆ. ಲೀಟರಿಗೆ ಸುಮಾರು 37 ಗ್ರಾಂ, ನಮ್ಮ 450 ಲೀಟರಿಗೆ 17 ಕೆ.ಜಿ. ಹತ್ತಿರ. ಮೊದಲ ಸಲ 15 ಕೆ.ಜಿ. ಹಾಕಿ, ಅಳೆದು, ಉಳಿದದ್ದನ್ನು ಸೇರಿಸಿ.

ಯಾವಾಗಲೂ ನೀರಿಗೆ ಉಪ್ಪು ಹಾಕಬೇಕು. ಉಪ್ಪಿನ ರಾಶಿಗೆ ನೀರು ಸುರಿದರೆ ತಳದಲ್ಲಿ ಸಾಂದ್ರತೆ ವಿಪರೀತವಾಗಿ ಕ್ಯಾಲ್ಸಿಯಂ ಸುಣ್ಣದ ಕಣವಾಗಿ ಕೂರುತ್ತದೆ, ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಆಮೇಲೆ ಎಷ್ಟು ಕಲಕಿದರೂ ಪೂರ್ತಿ ಕರಗದು. ಪಂಪ್ ಹಾಕಿ ಒಂದು ದಿನ ತಿರುಗಿಸಿ ಅಳೆಯಿರಿ. ಸಾವಿರಕ್ಕೆ 35 ಭಾಗ ಉಪ್ಪು, ಅಂದರೆ 25 ಡಿಗ್ರಿಯಲ್ಲಿ ಸಾಪೇಕ್ಷ ಸಾಂದ್ರತೆ 1.025ರಿಂದ 1.026. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು 35ರ ಮಾದರಿ ದ್ರಾವಣದಿಂದಲೇ ಹೊಂದಿಸಿಕೊಳ್ಳಿ. ಬರೀ ನೀರಿನಲ್ಲಿ ಸೊನ್ನೆ ತೋರಿಸಿದ ಮಾತ್ರಕ್ಕೆ 35ರ ಹತ್ತಿರ ಅದು ಸರಿಯಿರುತ್ತದೆಂದು ಹೇಳಲಾಗದು.

ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಆದ್ದರಿಂದ ದಿನವೂ ತುಂಬಿಸಬೇಕಾದ್ದು ಉಪ್ಪಿಲ್ಲದ ಶುದ್ಧ ನೀರು. ಇದನ್ನು ಮರೆತು ಉಪ್ಪುನೀರು ಸುರಿಯುತ್ತ ಹೋದರೆ ವಾರದಿಂದ ವಾರಕ್ಕೆ ಉಪ್ಪು ಏರುತ್ತದೆ. ಮಟ್ಟ ಇಳಿದಾಗ ತಾನೇ ನೀರು ಬಿಡುವ ಆಟೋ ಟಾಪ್-ಅಪ್ ಹಾಕಿಸಿದರೆ ಒಳ್ಳೆಯದು, ಆದರೆ ಅದಕ್ಕೆ ಜೋಡಿಸುವ ನೀರಿನ ಪಾತ್ರೆ ಚಿಕ್ಕದಿರಲಿ. ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಸರಿಯಾದ ಗಾತ್ರ. ಸೆನ್ಸರ್ ಸಿಕ್ಕಿಕೊಂಡು ಕ್ಯಾನ್ ಪೂರ್ತಿ ಖಾಲಿಯಾದರೂ ಉಪ್ಪು 35ರಿಂದ 33.5ಕ್ಕೆ ಇಳಿಯುತ್ತದೆ, ಮೀನು ತಡೆದುಕೊಳ್ಳುತ್ತದೆ. 200 ಲೀಟರಿನ ಡ್ರಮ್ ಜೋಡಿಸಿದ್ದರೆ ಅದೇ ದೋಷ ಮೀನನ್ನೂ ಕೊಲ್ಲುತ್ತದೆ, ಮನೆಯನ್ನೂ ತೋಯಿಸುತ್ತದೆ.

ಸೆಕೆ, ಚಳಿ, ಕರೆಂಟು

ನೀರು 24ರಿಂದ 27 ಡಿಗ್ರಿಯೊಳಗೆ ಇರಬೇಕು. ಮೈಸೂರಿನ ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಮುಟ್ಟಿದರೆ ಜನವರಿಯ ಬೆಳಗಿನ ಜಾವ 16-17ಕ್ಕೆ ಇಳಿಯುತ್ತದೆ. ಅಂದರೆ ಇಲ್ಲಿ ಹೀಟರೂ ಬೇಕು, ತಂಪು ಮಾಡುವ ದಾರಿಯೂ ಬೇಕು. ಒಂದೇ 300 ವಾಟ್ ಹೀಟರಿಗಿಂತ 150ರ ಎರಡು ಮೇಲು. ಹೀಟರಿನ ಥರ್ಮೋಸ್ಟಾಟ್ ಕೆಟ್ಟು ಆರದೆ ಉಳಿದರೂ ಒಂದರಿಂದಲೇ ಇಷ್ಟು ನೀರು ಕುದಿಯಲಾರದು.

ಬೇಸಿಗೆಗೆ ಮೊದಲ ಉಪಾಯ ನೀರಿನ ಮೇಲ್ಮೈಗೆ ಗಾಳಿ ಬೀಸುವ ಚಿಕ್ಕ ಫ್ಯಾನ್. ಆವಿಯಾಗುವ ನೀರು ಶಾಖವನ್ನು ಒಯ್ಯುತ್ತದೆ, ಮಾರ್ಚ್-ಏಪ್ರಿಲ್‌ನ ಒಣಹವೆಯಲ್ಲಿ 2-3 ಡಿಗ್ರಿ ಇಳಿಯುತ್ತದೆ. ಬದಲಿಗೆ ದಿನಕ್ಕೆ 4ರಿಂದ 6 ಲೀಟರ್ ಟಾಪ್-ಅಪ್ ಕೇಳುತ್ತದೆ. ಫ್ಯಾನಿದ್ದೂ ನೀರು 29 ದಾಟಿದರೆ ನೀರು ತಂಪು ಮಾಡುವ ಯಂತ್ರ ಚಿಲ್ಲರ್ ಬೇಕು, ಈ ಗಾತ್ರಕ್ಕೆ ಕಾಲು ಹೆಚ್‌ಪಿ. ಅದು ಉಗುಳುವ ಬಿಸಿಗಾಳಿ ಸ್ಟ್ಯಾಂಡಿನೊಳಗೇ ಉಳಿಯದಂತೆ ಹೊರಗಿಡಿ.

ಬಿಸಿಯಾದ ನೀರಿನ ದೊಡ್ಡ ಅಪಾಯ ಆಮ್ಲಜನಕದ್ದು. 25 ಡಿಗ್ರಿಯ ಸಿಹಿನೀರಿನಲ್ಲಿ ಲೀಟರಿಗೆ 8 ಮಿ.ಗ್ರಾಂ ಮೇಲ್ಪಟ್ಟು ಆಮ್ಲಜನಕ ಕರಗಬಲ್ಲದು, ಸಮುದ್ರದ ನೀರಿನಲ್ಲಿ 7 ಕೂಡ ಇಲ್ಲ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಮೇಲಿರುವುದರಿಂದ ಗಾಳಿಯ ಒತ್ತಡ ಕಡಿಮೆ, ಅದರಲ್ಲೂ ಇನ್ನೊಂದು ಶೇ 8ರಷ್ಟು ಹೋಗುತ್ತದೆ. ನೀರಿನ ಮೇಲ್ಮೈ ಸದಾ ಕದಡುತ್ತಿದ್ದರೆ ಇದರಿಂದ ತೊಂದರೆಯಿಲ್ಲ. ಕರೆಂಟ್ ಹೋಗಿ ಎಲ್ಲ ಸ್ತಬ್ಧವಾದಾಗ ಮಾತ್ರ ಕೆಲವೇ ಗಂಟೆಗಳಲ್ಲಿ ಮೀನು ಮೇಲೆ ಬಂದು ಬಾಯಿ ಬಿಡತೊಡಗುತ್ತದೆ.

ಮನೆಯ ಇನ್ವರ್ಟರಿಗೆ ಸಂಪ್ ಪಂಪ್ ಮತ್ತು ಒಂದು ವೇವ್ ಮೇಕರ್ ಮಾತ್ರ ಕೊಡಿ. ಎರಡೂ ಸೇರಿ 60 ವಾಟ್. 150 ಎಎಚ್ ಬ್ಯಾಟರಿಯ ಅರ್ಧವನ್ನಷ್ಟೇ ಬಳಸಿದರೂ ಲೆಕ್ಕಕ್ಕೆ 15 ಗಂಟೆ, ಇನ್ವರ್ಟರಿನ ನಷ್ಟ ಕಳೆದರೆ 12. ಹೀಟರ್, ಚಿಲ್ಲರ್ ಅದಕ್ಕೆ ಬೇಡ. ಇನ್ವರ್ಟರ್ ಇಲ್ಲದಿದ್ದರೆ ಬ್ಯಾಟರಿಯ ಏರ್ ಪಂಪ್ ಒಂದನ್ನು ಕಪಾಟಿನಲ್ಲಿ ಇಟ್ಟಿರಿ. ತೊಟ್ಟಿಯ ಲೈನಿಗೆ, ಕರೆಂಟ್ ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸುವುದನ್ನು ಖರ್ಚೆಂದು ಬಿಡಬೇಡಿ, ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಜೋತು ಆಮೇಲೆ ಮೇಲೇರಲಿ, ವೈರಿನಲ್ಲಿ ಹರಿದ ಹನಿ ಅಲ್ಲಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ.

ಪಂಪು, ಸ್ಕಿಮ್ಮರ್, ವೇವ್ ಮೇಕರ್, 8 ಗಂಟೆ ಉರಿಯುವ 100 ವಾಟ್ ದೀಪ ಸೇರಿ ದಿನಕ್ಕೆ ಸುಮಾರು 3 ಯೂನಿಟ್, ತಿಂಗಳಿಗೆ 90 ಮೇಲೆ. ಹೀಟರ್, ಚಿಲ್ಲರ್ ಬೇರೆ. ಗೃಹಜ್ಯೋತಿಯಲ್ಲಿರುವ ಮನೆಗಳು ಇದನ್ನು ಮೊದಲೇ ಕೂಡಿಸಿ ನೋಡಬೇಕು: ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ಕಲ್ಲು, ಮರಳು, ಕಾನೂನು

ತೊಟ್ಟಿಯ ಕಲ್ಲು ಅಲಂಕಾರಕ್ಕಿಂತ ಹೆಚ್ಚಾಗಿ ಬ್ಯಾಕ್ಟೀರಿಯಾಗಳ ಮನೆ. ತೂತು ತೂತಾದ, ಹಗುರ ಕಲ್ಲು 30 ಕೆ.ಜಿ. ಸಾಕು. ವಿದೇಶದ ವಿಡಿಯೊಗಳಲ್ಲಿ ಕಾಣುವ ‘ಲೈವ್ ರಾಕ್’ ಬಹುಪಾಲು ಹವಳದ ಅಸ್ಥಿಪಂಜರ. ನಮ್ಮಲ್ಲಿ ದಿಬ್ಬ ಕಟ್ಟುವ ಹವಳಗಳು, ಕಡಲ ಬೀಸಣಿಗೆಗಳು, ಕಡಲಕುದುರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಪರಿಶಿಷ್ಟದಲ್ಲಿವೆ. ಹುಲಿ, ಆನೆಗಿರುವ ರಕ್ಷಣೆಯೇ ಅವಕ್ಕೂ. ಅಂಗಡಿಯವರು ಕೊಟ್ಟರೂ ಕೊಳ್ಳಬೇಡಿ. ಸಮುದ್ರತೀರಕ್ಕೆ ಹೋದಾಗ ಆರಿಸಿ ತರುವುದೂ ಬೇಡ. ಸೆರಾಮಿಕ್‌ನಿಂದ ಮಾಡಿದ ಕಲ್ಲು ಅದೇ ಕೆಲಸ ಮಾಡುತ್ತದೆ.

ಕಲ್ಲನ್ನು ಮೊದಲು ಗಾಜಿನ ತಳದ ಮೇಲೆ ಭದ್ರವಾಗಿ ಕೂರಿಸಿ ಆಮೇಲೆ ಮರಳು ಸುರಿಯಬೇಕು. ಮರಳಿನ ಮೇಲೆ ಕಲ್ಲಿಟ್ಟರೆ ಮೀನು ಕೆಳಗೆ ಬಿಲ ತೋಡಿದ ದಿನ ಕಲ್ಲು ಉರುಳಿ ಗಾಜಿಗೆ ಬಡಿಯುತ್ತದೆ. ಹೊಳೆಯ ಮರಳು ಸಿಲಿಕಾ, ಅದು ಬೇಡ. ಸುಣ್ಣದ ಬಗೆಯ ಅರಗೊನೈಟ್ ಮರಳು 30 ಕೆ.ಜಿ. ಹಾಕಿದರೆ ಎರಡೂವರೆ ಸೆಂ.ಮೀ. ಹಾಸು ಆಗುತ್ತದೆ.

ಮೀನಿಲ್ಲದ ವಾರಗಳು

ಮೀನಿನ ಹೇಲು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ನೀರು ಬದಲಿಸಿದಾಗ ಹೋಗುತ್ತದೆ. ಇದೇ ಸಾರಜನಕ ಚಕ್ರ. ಸಿಹಿನೀರಿನ ತೊಟ್ಟಿಯಲ್ಲೂ ಇದು ಉಂಟು, ಆದರೆ ಅಲ್ಲಿ ಪಿಹೆಚ್ (ಆಮ್ಲ-ಕ್ಷಾರದ ಅಳತೆ) 7ರ ಆಸುಪಾಸಿನಲ್ಲಿದ್ದರೆ ಅಮೋನಿಯಾದಲ್ಲಿ ಶೇ 1ಕ್ಕೂ ಕಡಿಮೆ ಭಾಗ ವಿಷದ ರೂಪದಲ್ಲಿರುತ್ತದೆ. ಉಪ್ಪುನೀರಿನ ಪಿಹೆಚ್ 8.2ರಲ್ಲಿ ಆ ಭಾಗ ಹತ್ತು ಪಟ್ಟಿಗೂ ಹೆಚ್ಚು. ಬ್ಯಾಕ್ಟೀರಿಯಾ ಬೆಳೆಯುವ ಮೊದಲೇ ಮೀನು ಬಿಟ್ಟರೆ ಅದರ ಕಿವಿರು ಸುಡುತ್ತದೆ.

ಆದ್ದರಿಂದ ಮೀನಿಲ್ಲದೆಯೇ ಅಮೋನಿಯಾ ಕೊಟ್ಟು ಬ್ಯಾಕ್ಟೀರಿಯಾ ಬೆಳೆಸಬೇಕು. ಪ್ರಯೋಗಾಲಯ ದರ್ಜೆಯ ಅಮೋನಿಯಂ ಕ್ಲೋರೈಡ್ 3 ಗ್ರಾಂ ಕರಗಿಸಿ ಹಾಕಿದರೆ 450 ಲೀಟರಿನಲ್ಲಿ ಅಮೋನಿಯಾ ಸುಮಾರು 2 ಪಿಪಿಎಂ (ಹತ್ತು ಲಕ್ಷಕ್ಕೆ 2 ಭಾಗ) ಆಗುತ್ತದೆ. ಕಲಾಯಿಗೆ ಬಳಸುವ ನವಸಾಗರವೂ ಇದೇ ರಾಸಾಯನಿಕವಾದರೂ ಅದರಲ್ಲಿ ಕಲಬೆರಕೆಯಿರಬಹುದು, ಬೇಡ. ಬಾಟಲಿಯ ಬ್ಯಾಕ್ಟೀರಿಯಾ ಸೇರಿಸಿದರೆ ಕೆಲಸ ಬೇಗ. ಎರಡು ದಿನಕ್ಕೊಮ್ಮೆ ಟೆಸ್ಟ್ ಕಿಟ್‌ನಿಂದ ನೋಡುತ್ತ ಬನ್ನಿ: ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರಿ ಅದೂ ಇಳಿಯುತ್ತದೆ. ಮತ್ತೆ 3 ಗ್ರಾಂ ಹಾಕಿದಾಗ 24 ಗಂಟೆಯೊಳಗೆ ಎರಡೂ ಸೊನ್ನೆಯಾದರೆ ತೊಟ್ಟಿ ಸಿದ್ಧ. ಸಾಮಾನ್ಯವಾಗಿ 4ರಿಂದ 6 ವಾರ. ಆಮೇಲೆ ಶೇಖರವಾದ ನೈಟ್ರೇಟ್ ತೆಗೆಯಲು ಅರ್ಧದಷ್ಟು ನೀರು ಬದಲಿಸಿ.

ಈ ನಡುವೆ ಕಲ್ಲು, ಮರಳಿನ ಮೇಲೆ ಕಂದು ಪುಡಿ ಹರಡುತ್ತದೆ, ಅದು ಡಯಾಟಂ ಎಂಬ ಸೂಕ್ಷ್ಮ ಪಾಚಿ. ಮುಂದಿನ ತಿಂಗಳುಗಳಲ್ಲಿ ಹಸಿರು ಕೂದಲಿನಂಥ ಪಾಚಿ, ಕೆಲವೊಮ್ಮೆ ಕೆಂಪು ಲೋಳೆ ಬರುತ್ತದೆ. ಹೊಸ ತೊಟ್ಟಿಗೆ ಇದು ಸಹಜ. ಔಷಧಿ ಸುರಿಯದೆ ದೀಪದ ಹೊತ್ತು ತಗ್ಗಿಸಿ, ಕೈಯಿಂದ ಕಿತ್ತು, ಪಾಚಿ ತಿನ್ನುವ ಬಸವನಹುಳು ಬಿಡಿ.

ಕೊನೆಗೂ ಮೀನು

ಮೊದಲಿಗೆ ಒಂದು ಜೋಡಿ ಒಸೆಲ್ಲಾರಿಸ್ ಜಾತಿಯ ಕ್ಲೌನ್ ಮೀನು. ಸಾಕಣೆಯಲ್ಲೇ ಹುಟ್ಟಿದ ಮರಿ ಕೇಳಿ ತನ್ನಿ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್, ಡ್ಯಾಮ್ಸೆಲ್ ಮೀನುಗಳ ಮರಿ ಮಾಡಿಸುವ ವಿಧಾನಗಳನ್ನು ರೂಪಿಸಿದೆ. ಇಂಥ ಮರಿ ಒಣ ಆಹಾರ ತಿಂದು ಬೆಳೆದದ್ದು, ಸಮುದ್ರದಿಂದ ಹಿಡಿದದ್ದಕ್ಕಿಂತ ಗಟ್ಟಿ. ಕ್ಲೌನ್‌ಗೆ ಕಡಲ ಹೂವು (ಅನಿಮೋನ್) ಬೇಕೇ ಬೇಕೆಂಬುದು ತಪ್ಪು ತಿಳಿವಳಿಕೆ. ನೀಲಿ ಟ್ಯಾಂಗ್ ಮೀನು ಬೆಳೆದರೆ ಒಂದು ಅಡಿ ಮುಟ್ಟುತ್ತದೆ, ಓಡಾಡಲು 6 ಅಡಿ ತೊಟ್ಟಿ ಬೇಕು. ಮ್ಯಾಂಡರಿನ್ ಮೀನು ಕಲ್ಲಿನಲ್ಲಿರುವ ಸೂಕ್ಷ್ಮ ಜೀವಿಗಳನ್ನೇ ತಿನ್ನುವಂಥದ್ದು, ಹೊಸ ತೊಟ್ಟಿಯಲ್ಲಿ ಹಸಿದು ಸಾಯುತ್ತದೆ. ಡ್ಯಾಮ್ಸೆಲ್ ಗಟ್ಟಿಮುಟ್ಟು, ಆದರೆ ಜಗಳಗಂಟ, ಬಿಡುವುದಾದರೆ ಕೊನೆಯಲ್ಲಿ.

ಬೆಂಗಳೂರಿನಿಂದಲೋ ಚೆನ್ನೈನಿಂದಲೋ ಬಂದ ಚೀಲವನ್ನು ಗಂಟೆಗಟ್ಟಲೆ ತೆರೆದಿಟ್ಟು ಹನಿ ಹನಿ ನೀರು ಸೇರಿಸುವ ರೂಢಿ ದೂರದ ಪ್ರಯಾಣದ ಮೀನಿಗೆ ಒಳ್ಳೆಯದಲ್ಲ. ಕಟ್ಟಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್‌ನಿಂದ ಪಿಹೆಚ್ ಇಳಿದಿರುತ್ತದೆ, ಅಮೋನಿಯಾ ಅಷ್ಟಾಗಿ ವಿಷವಾಗಿರುವುದಿಲ್ಲ. ಬಾಯಿ ಬಿಚ್ಚಿದೊಡನೆ ಆ ಅನಿಲ ಹೋಗಿ ಪಿಹೆಚ್ ಏರಿ ಅದೇ ಅಮೋನಿಯಾ ಮೀನನ್ನು ಸುಡುತ್ತದೆ. ಅಂಗಡಿಯ ಉಪ್ಪಿನಂಶ ಎಷ್ಟೆಂದು ಮೊದಲೇ ಕೇಳಿ (ಹಲವು ಕಡೆ 35ಕ್ಕಿಂತ ಬಹಳ ಕಡಿಮೆ ಇಡುತ್ತಾರೆ), ಪ್ರತ್ಯೇಕ ತೊಟ್ಟಿಯಲ್ಲಿ ಅಷ್ಟೇ ಉಪ್ಪಿನ ನೀರು ಸಿದ್ಧವಿಡಿ. ಕಟ್ಟಿದ ಚೀಲವನ್ನು 20 ನಿಮಿಷ ತೇಲಿಬಿಟ್ಟು ಬಿಸಿ ಸಮವಾದ ಮೇಲೆ ಬಿಚ್ಚಿ, ಮೀನನ್ನು ಮಾತ್ರ ಎತ್ತಿ ಬಿಡಿ. ಚೀಲದ ನೀರನ್ನು ಚೆಲ್ಲಿ. ಉಪ್ಪನ್ನು ದಿನಕ್ಕೆ ಒಂದು-ಎರಡು ಅಂಶದಂತೆ 35ಕ್ಕೆ ಏರಿಸಿ.

ಆ ಪ್ರತ್ಯೇಕ ತೊಟ್ಟಿಯೇ ಕ್ವಾರಂಟೈನ್. 60-80 ಲೀಟರ್, ಮೊದಲೇ ಸಂಪ್‌ನಲ್ಲಿಟ್ಟು ಬ್ಯಾಕ್ಟೀರಿಯಾ ಹಿಡಿಸಿದ ಸ್ಪಂಜ್ ಫಿಲ್ಟರ್, ಅಡಗಲು ಪಿವಿಸಿ ಪೈಪಿನ ತುಂಡು, ಇಷ್ಟೇ. ಮೀನು ಅಲ್ಲಿ 4ರಿಂದ 6 ವಾರ ಇರಬೇಕು. ಕಡಲ ಮೀನಿಗೆ ಬರುವ ಬಿಳಿಚುಕ್ಕೆ ರೋಗದ ಪರೋಪಜೀವಿ ಸಿಹಿನೀರಿನದಕ್ಕಿಂತ ಬೇರೆ, ನೀರು ಬಿಸಿ ಮಾಡಿದರೆ ಹೋಗದು. ಅದಕ್ಕೆ ಸಾಮಾನ್ಯವಾಗಿ ಕೊಡುವುದು ತಾಮ್ರದ ಔಷಧಿ. ಔಷಧಿಯ ಚೀಟಿಯಲ್ಲಿರುವ ಅಳತೆಯನ್ನು ತಾಮ್ರದ ಟೆಸ್ಟ್ ಕಿಟ್ ಹಿಡಿದು ಪಾಲಿಸಬೇಕು. ದೊಡ್ಡ ತೊಟ್ಟಿಗೆ ತಾಮ್ರ ಹಾಕುವಂತಿಲ್ಲ: ಕಲ್ಲು ಅದನ್ನು ಹೀರಿಕೊಳ್ಳುತ್ತದೆ, ಬಸವನಹುಳುಗಳು ಸಾಯುತ್ತವೆ. ರೋಗ ದೊಡ್ಡ ತೊಟ್ಟಿಗೆ ಹೊಕ್ಕರೆ ಎಲ್ಲ ಮೀನು ಹಿಡಿದು ಹೊರತೆಗೆದು ತೊಟ್ಟಿಯನ್ನು ಎರಡೂವರೆ ತಿಂಗಳು ಮೀನಿಲ್ಲದೆ ಬಿಡಬೇಕಾಗುತ್ತದೆ. ಕ್ವಾರಂಟೈನ್ ತಪ್ಪಿಸಿದವರು ತೆರುವ ಬೆಲೆ ಅದು.

ಎರಡನೆಯ ಮೀನಿಗೆ ಒಂದು ತಿಂಗಳು ಬಿಟ್ಟುಕೊಳ್ಳಿ. ಬ್ಯಾಕ್ಟೀರಿಯಾ ಹೊಸ ಹೊರೆಗೆ ಹೊಂದಲು ಸಮಯ ಬೇಕು. ಎರಡು ವಾರಕ್ಕೊಮ್ಮೆ 45 ಲೀಟರ್ ನೀರು ಬದಲಿಸಿದರೆ ಸಾಕು, ಅದಕ್ಕೆ ಸುಮಾರು 1.7 ಕೆ.ಜಿ. ಉಪ್ಪು.

ಊರಿಗೆ ಹೋಗುವಾಗ

ಹಬ್ಬಕ್ಕೋ ಮದುವೆಗೋ ನಾಲ್ಕು ದಿನ ಮನೆ ಬಿಡುವಾಗ ಬಹುತೇಕರು ಚಿಂತಿಸುವುದು ಮೀನಿನ ಊಟದ ಬಗ್ಗೆ. ಬೆಳೆದ, ಆರೋಗ್ಯವಾಗಿರುವ ಮೀನಿಗೆ ಮೂರು-ನಾಲ್ಕು ದಿನದ ಉಪವಾಸ ದೊಡ್ಡ ವಿಷಯವೇ ಅಲ್ಲ. ಪಕ್ಕದ ಮನೆಯವರಿಗೆ ಆಹಾರದ ಡಬ್ಬಿ ಕೊಟ್ಟು ಹೋದರೆ ಅವರು ಪ್ರೀತಿಯಿಂದ ಒಂದು ಹಿಡಿ ಹಾಕುತ್ತಾರೆ, ಅಮೋನಿಯಾ ಏರುತ್ತದೆ. ಕೊಡಲೇಬೇಕೆಂದಿದ್ದರೆ ಒಂದೊಂದು ದಿನದ ಪಾಲನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ ದಿನ ಬರೆದಿಟ್ಟು, ಡಬ್ಬಿಯನ್ನು ಎತ್ತಿಡಿ. ಟಾಪ್-ಅಪ್ ಮಾತ್ರ ತಪ್ಪಬಾರದು, ಸಂಪ್‌ನ ನೀರು ಇಳಿದರೆ ಪಂಪ್ ಗಾಳಿ ಎಳೆದು ಸುಟ್ಟುಹೋಗುತ್ತದೆ. ಬೇಸಿಗೆಯಲ್ಲಿ 20 ಲೀಟರ್ ಕ್ಯಾನ್ ಬರುವುದು ಮೂರರಿಂದ ಐದು ದಿನ, ಆದ್ದರಿಂದ ಹೊರಡುವ ಹೊತ್ತಿಗೆ ತುಂಬಿಸಿ, ತುಂಬಿದ ಇನ್ನೊಂದು ಕ್ಯಾನನ್ನು ಪಕ್ಕದಲ್ಲಿಡಿ. ಸಂಪ್‌ನ ಗೆರೆ, ಮೇನ್ ಸ್ವಿಚ್, ಬ್ಯಾಟರಿ ಏರ್ ಪಂಪ್ ಈ ಮೂರನ್ನು ಕೀಲಿಕೈ ಕೊಡುವವರಿಗೆ ಕೈಯಾರೆ ಮುಟ್ಟಿಸಿ ತೋರಿಸಿ ಹೋಗಿ.